386 ತೊಟ್ಟೆ-ಪೊಟ್ಟಣಗಳು: ಮಂಗಳೂರಿನ ಕುಲಶೇಖರದ ಒಂದು ಮನೆಯ ಲೆಕ್ಕ

ಸೆಪ್ಟೆಂಬರ್ ತಿಂಗಳ ಒಂದು ಸಂಜೆ. ಮೂರು ದಿನದಿಂದ ಬಿಡದ ಮಳೆ. ಬಚ್ಚಲ ಒಲೆಯಲ್ಲಿ ಒದ್ದೆಯಾದ ತೆಂಗಿನ ಕೊತ್ತಳಿಗೆ ಹೊತ್ತಿಕೊಳ್ಳುತ್ತಿರಲಿಲ್ಲ. ಅತ್ತೆ ಜಗಲಿಯ ಮೂಲೆಯಲ್ಲಿದ್ದ ಗೋಣಿಯಿಂದ ಒಂದು ಹಿಡಿ ಹಾಲಿನ ತೊಟ್ಟೆಗಳನ್ನು, ಅಂದರೆ ಪ್ಲಾಸ್ಟಿಕ್ ಚೀಲಗಳನ್ನು, ತಂದು ಒಲೆಗೆ ತುರುಕಿ ಕಡ್ಡಿ ಗೀರಿದರು. ಬೆಂಕಿ ಕೂಡಲೇ ಹತ್ತಿತು. ಕಪ್ಪು ಹೊಗೆ ಮಾತ್ರ ಹೊರಗೆ ಹೋಗದೆ, ಮಳೆಗಾಲದ ಭಾರವಾದ ಗಾಳಿಗೆ ಒಳಮನೆಯತ್ತ ತಿರುಗಿತು. ಏಳನೆಯ ತರಗತಿಯಲ್ಲಿದ್ದ ಮಗ ಆ ರಾತ್ರಿಯಿಡೀ ಕೆಮ್ಮಿದ.

ಅತ್ತೆಯನ್ನು ದೂರಲು ನನಗೆ ಬಾಯಿ ಬರಲಿಲ್ಲ. ಒಣಕಸದ ಗಾಡಿ ಎರಡು ವಾರದಿಂದ ನಮ್ಮ ರಸ್ತೆಗೆ ಬಂದಿರಲಿಲ್ಲ. ಗೋಣಿ ತುಂಬಿ ಹುಳಿ ನಾತ ಹೊಡೆಯುತ್ತಿತ್ತು, ತಳದಲ್ಲಿ ಹುಳ ಹರಿದಾಡುತ್ತಿತ್ತು. ಒದ್ದೆ ಕಟ್ಟಿಗೆಗೆ ತೊಟ್ಟೆ ಹಚ್ಚಿ ಬೆಂಕಿ ಮಾಡುವುದು ನಮ್ಮ ಕರಾವಳಿಯ ಎಷ್ಟೋ ಹಳೆಯ ಮನೆಗಳಲ್ಲಿ ಮಳೆಗಾಲದ ರೂಢಿಯೇ ಆಗಿಬಿಟ್ಟಿದೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹಾಲಿನ ತೊಟ್ಟೆ ಪಾಲಿಥಿಲೀನಿನದ್ದು. ಅದು ಅರೆಬರೆ ಉರಿದರೆ ಮಸಿಯೂ ಕಾರ್ಬನ್ ಮೊನಾಕ್ಸೈಡೂ ಹುಟ್ಟುತ್ತವೆ. ಅದರೊಂದಿಗೆ ಪಿವಿಸಿಯ ಚೂರೊಂದು ಸೇರಿದ್ದರೆ ಡಯಾಕ್ಸಿನ್‌ನಂಥ ವಿಷವೂ ಹೊಗೆಯಲ್ಲಿರುತ್ತದೆ. ಇದನ್ನೆಲ್ಲ ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ. ನನ್ನ ಮನೆಯ ಒಲೆಯೊಳಗೆ ಅದೇ ನಡೆಯುತ್ತಿತ್ತು.

ಗಾಡಿ ಬಂದು ಗೋಣಿ ಖಾಲಿಯಾದರೂ ಸಮಾಧಾನ ಸಿಗುವಂತಿರಲಿಲ್ಲ. ಮಂಗಳೂರಿನ ಕಸ ಹೋಗುವ ಪಚ್ಚನಾಡಿ ನಮ್ಮ ಮನೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. 2019ರ ಆಗಸ್ಟ್ ಮಳೆಗೆ ಅಲ್ಲಿನ ಕಸದ ಗುಡ್ಡ ಕುಸಿದು ಮಂದಾರ ಎಂಬ ಜಾಗದ ಮನೆಗಳ ಮೇಲೆ, ಅಡಿಕೆ ಮತ್ತು ತೆಂಗಿನ ತೋಟಗಳ ಮೇಲೆ ಹರಿಯಿತು. ಜನ ಮನೆ ಬಿಟ್ಟು ಹೋಗಬೇಕಾಯಿತು. ಆ ಕೆಸರಿನಲ್ಲಿ ಬಣ್ಣಬಣ್ಣದ ತೊಟ್ಟೆಗಳು ತೆಂಗಿನ ಬುಡದವರೆಗೆ ತುಂಬಿಕೊಂಡಿದ್ದ ಚಿತ್ರಗಳನ್ನು ಕಂಡವರು ಮರೆಯಲಾರರು. ನಾನು ಜಗಲಿಯಿಂದ ಹೊರಗೆ ಕಳುಹಿಸಿದ ಗೋಣಿ ಇನ್ನೊಬ್ಬರ ಅಂಗಳಕ್ಕೆ ಸೇರಿತ್ತು ಎಂಬ ಯೋಚನೆ ಆಗಿನಿಂದಲೂ ನನ್ನನ್ನು ಬಿಟ್ಟಿರಲಿಲ್ಲ.

ಮೊದಲ ಎಣಿಕೆ

ನಮ್ಮದು ಹಂಚಿನ ಹಳೆಯ ಮನೆ. ಅತ್ತೆ, ನಮ್ಮವರು, ನಾನು, ಪಿಯುಸಿ ಓದುವ ಮಗಳು, ಮಗ, ಹೀಗೆ ಐದು ಜನ. ಹಿತ್ತಿಲಿನಲ್ಲಿ ನಾಲ್ಕು ತೆಂಗಿನ ಮರಗಳಿವೆ. ವಾರಕ್ಕೆ ನಾಲ್ಕು ದಿನ ಮೀನು ಬೇಕು.

ಅಕ್ಟೋಬರ್ ನಡುವಿನಿಂದ ಮೂವತ್ತು ದಿನ ಮನೆಯೊಳಗೆ ಬಂದ ಎಸೆಯುವ ಪ್ಲಾಸ್ಟಿಕ್ ಒಂದನ್ನೂ ಹೊರಗೆ ಹಾಕುವುದಿಲ್ಲವೆಂದು ನಿಶ್ಚಯಿಸಿದೆವು. ಎಲ್ಲವನ್ನೂ ತೊಳೆದು, ಜಗಲಿಯ ಹಗ್ಗಕ್ಕೆ ಒಣಹಾಕಿ, ಒಂದು ನೋಟುಪುಸ್ತಕದಲ್ಲಿ ಬರೆಯುವುದು. ವಸ್ತು ಯಾವುದು, ಎಲ್ಲಿಂದ ಬಂತು, ಯಾರ ಕೈಯಲ್ಲಿ ಬಂತು ಎಂದು ಮೂರು ಕಲಮುಗಳು. ಮೂರನೆಯ ಕಲಮನ್ನು ಸೇರಿಸಿದ್ದು ಮಗಳು. ಕೊನೆಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ ಕಲಮು.

ಮೂವತ್ತನೆಯ ದಿನ ಎಲ್ಲವನ್ನೂ ಹಜಾರದಲ್ಲಿ ಹರಡಿದಾಗ ಕಾಲಿಡಲು ಜಾಗವಿರಲಿಲ್ಲ. ಒಟ್ಟು 386. ಹಾಲಿನ ಅರ್ಧ ಲೀಟರಿನ ತೊಟ್ಟೆ 60, ಮೊಸರಿನದ್ದು 30. ಮಕ್ಕಳ ಚಿಪ್ಸ್, ಬಿಸ್ಕತ್ತು, ಚಾಕೊಲೇಟಿನ ಹೊದಿಕೆಗಳು 84. ತರಕಾರಿ, ಹಣ್ಣು, ಅಂಗಡಿಯ ತೆಳು ತೊಟ್ಟೆಗಳು 71. ಜೀನಸು ಅಂಗಡಿಯ ಪೊಟ್ಟಣಗಳು 43. ಮೀನಿನ ತೊಟ್ಟೆ 32, ಏಕೆಂದರೆ ನೀರು ಸೋರುತ್ತದೆಂದು ಪ್ರತಿಸಲವೂ ಒಂದರ ಮೇಲೊಂದು ಎರಡು ಹಾಕಿ ಕೊಡುತ್ತಾರೆ. ಹೋಟೆಲಿನ ಪಾರ್ಸೆಲ್‌ನಿಂದ 28. ಉಳಿದವು ಬಚ್ಚಲ ಸಾಮಾನು ಮತ್ತು ಆನ್‌ಲೈನ್ ಖರೀದಿಯವು.

ಆ ಇಡೀ ತಿಂಗಳಲ್ಲಿ ನಾವು ಚೀಲ ಒಯ್ಯದಿದ್ದರೂ ಪ್ಲಾಸ್ಟಿಕ್ ಇಲ್ಲದೆ ಮನೆಗೆ ಬಂದ ಒಂದೇ ಒಂದು ಖರೀದಿ ಶಂಕರಪುರ ಮಲ್ಲಿಗೆ. ಬಾಳೆನಾರಿನಲ್ಲಿ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟದ್ದು. ಎಲೆ ತೆಂಗಿನ ಬುಡಕ್ಕೆ ಹೋಯಿತು. ಎಣಿಸುವುದಕ್ಕೆ ಏನೂ ಉಳಿಯಲಿಲ್ಲ.

ಇನ್ನು ಮೂರನೆಯ ಕಲಮು. ಅಂಗಡಿಯ 71 ತೊಟ್ಟೆಗಳಲ್ಲಿ 58 ಬಂದದ್ದು ನಮ್ಮವರ ಕೈಯಲ್ಲಿ ಅಥವಾ ನನ್ನ ಕೈಯಲ್ಲಿ, ಅದೂ ಸಂಜೆ ಕೆಲಸದಿಂದ ಮನೆಗೆ ಮರಳುವಾಗ. ಬೆಳಿಗ್ಗೆಯೇ ಯೋಚಿಸಿ ಚೀಲ ಹಿಡಿದು ಸಂತೆಗೋ ಮಾರುಕಟ್ಟೆಗೋ ಹೋದ ದಿನ ತೊಟ್ಟೆ ಬಂದೇ ಇರಲಿಲ್ಲ. ದಾರಿಯಲ್ಲಿ ಬಸಳೆ ಚೆನ್ನಾಗಿ ಕಂಡಿತು, ಬಾಳೆಹಣ್ಣು ಮುಗಿದಿತ್ತು, ಮಗ ಫೋನು ಮಾಡಿ ಏನೋ ಬೇಕೆಂದ ಎಂದು ಬರಿಗೈಯಲ್ಲಿ ಸ್ಕೂಟರ್ ನಿಲ್ಲಿಸಿದಾಗಲೆಲ್ಲ ತೊಟ್ಟೆ ಬಂದಿತ್ತು. ಅಲ್ಲಿಯವರೆಗೆ ನಾನು ಅಡುಗೆಮನೆಯನ್ನು ಬದಲಿಸಬೇಕೆಂದು ಯೋಚಿಸುತ್ತಿದ್ದೆ. ಬದಲಾಗಬೇಕಾದದ್ದು ಸ್ಕೂಟರಿನ ಡಿಕ್ಕಿ ಎಂದು ಪುಸ್ತಕ ಹೇಳಿತು.

ಅತ್ತೆಯ ತಕರಾರು

ಎಣಿಕೆ ಮುಗಿದ ಉತ್ಸಾಹದಲ್ಲಿ ನಾನು ಎರಡು ತಪ್ಪು ಮಾಡಿದೆ. ಎಂಟು ಹೊಸ ಹತ್ತಿ ಚೀಲಗಳನ್ನು ಕೊಂಡೆ. ಪ್ಲಾಸ್ಟಿಕ್ ಕೊಡ, ಬಕೆಟು, ಡಬ್ಬಿಗಳನ್ನೆಲ್ಲ ಗುಜರಿಗೆ ಹಾಕಿ ಸ್ಟೀಲಿನವು ತರುವುದೆಂದು ಹೇಳಿದೆ.

ಅತ್ತೆ ಕೂತಲ್ಲಿಂದಲೇ ಹೇಳಿದರು: "ತಾಮ್ರದ ಕೊಡ ಹೊತ್ತು ಬಾವಿಯ ಮೆಟ್ಟಿಲು ಹತ್ತಿದ ಸೊಂಟ ನನ್ನದು. ಈ ಪ್ಲಾಸ್ಟಿಕ್ ಕೊಡ ಬಂದ ವರ್ಷ ನನಗೆ ಎಷ್ಟು ಹಗುರವಾಯಿತು ಅಂತ ನಿನಗೆ ಗೊತ್ತಿಲ್ಲ. ಇಪ್ಪತ್ತೆರಡು ವರ್ಷ ಆಯಿತು, ಇನ್ನೂ ಒಡೆದಿಲ್ಲ. ಅದನ್ನು ಯಾಕೆ ಬಿಸಾಡುತ್ತೀ?"

ಅವರ ಮಾತು ಪೂರ್ತಿ ಸರಿಯಾಗಿತ್ತು. ಇಪ್ಪತ್ತೆರಡು ವರ್ಷ ನೀರು ತುಂಬಿದ ಕೊಡ ನಮ್ಮ ತೊಂದರೆಯಲ್ಲ. ಮಾರ್ಕೆಟಿನಿಂದ ಮನೆಗೆ ಬರುವ ಹದಿನೈದು ನಿಮಿಷಕ್ಕಷ್ಟೇ ಬೇಕಾಗಿ, ಆಮೇಲೆ ನೂರಾರು ವರ್ಷ ಮಣ್ಣಿನಲ್ಲಿ ಉಳಿಯುವ ತೊಟ್ಟೆ ನಮ್ಮ ತೊಂದರೆ. ಇದ್ದ ಗಟ್ಟಿ ವಸ್ತುಗಳನ್ನು ಬಿಸಾಡುವುದರಿಂದ ಕಸ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಬಿಸಿ ಪದಾರ್ಥ ಹಾಕುವ ಎರಡು ಡಬ್ಬಿಗಳನ್ನು ಮಾತ್ರ ಬದಲಿಸಿ, ಮಿಕ್ಕವನ್ನು ಹಾಗೆಯೇ ಉಳಿಸಿಕೊಂಡೆವು. ಹೊಸ ಹತ್ತಿ ಚೀಲಗಳ ವಿಷಯದಲ್ಲೂ ಇದೇ ಪಾಠ. ಹತ್ತಿ ಬೆಳೆಯಲು ನೀರು, ಗೊಬ್ಬರ, ಶಕ್ತಿ ಎಲ್ಲವೂ ಬೇಕು. 2018ರಲ್ಲಿ ಡೆನ್ಮಾರ್ಕಿನ ಪರಿಸರ ಇಲಾಖೆ ಮಾಡಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಲೆಕ್ಕವೊಂದನ್ನೇ ಹಿಡಿದರೂ ಸಾಮಾನ್ಯ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ. ಮನೆಯಲ್ಲಿ ಹಳೆಯ ಪಂಚೆ, ಸೀರೆ, ಪರದೆಗಳು ಬೇಕಾದಷ್ಟಿದ್ದಾಗ ಹೊಸ ಚೀಲ ಕೊಳ್ಳಬೇಕಾಗಿರಲಿಲ್ಲ. ಅಂಗಡಿಯಲ್ಲಿ ಸಿಗುವ, ಬಟ್ಟೆಯಂತೆ ಕಾಣುವ ಬಣ್ಣದ ಕೈಚೀಲಗಳಂತೂ ಹೆಚ್ಚಿನವು ಪಾಲಿಪ್ರೊಪಿಲೀನಿನವು. ಒಂದು ಎಳೆಗೆ ಕಡ್ಡಿ ತೋರಿಸಿದರೆ ಉರಿದು ಬೂದಿಯಾಗುವ ಬದಲು ಕರಗಿ ಮುದ್ದೆಯಾಗುತ್ತದೆ.

ಏನು ಮಾಡಿದೆವು

ನಮ್ಮವರ ಸ್ಕೂಟರಿನಲ್ಲಿ ಎರಡು ಮಡಿಚಿದ ಚೀಲಗಳು ಮತ್ತು ಮುಚ್ಚಳವಿರುವ ಒಂದು ಸ್ಟೀಲ್ ಡಬ್ಬಿ ಕಾಯಂ ಆಗಿ ಸೇರಿದವು. ನನ್ನ ಶಾಲೆಯ ಬ್ಯಾಗಿನಲ್ಲಿ ಒಂದು ಚೀಲ. ಮನೆಗೆ ಬಂದು ಸಾಮಾನು ಇಳಿಸಿದ ಕೂಡಲೇ ಚೀಲವನ್ನು ಮತ್ತೆ ಅದರ ಜಾಗಕ್ಕೆ ಹಾಕುವ ಕೆಲಸ ಮಗನದ್ದು. ಇಷ್ಟು ಸಣ್ಣ ಏರ್ಪಾಡು ನಿಜವಾಗಿ ನಿಲ್ಲಲು ಎರಡು ತಿಂಗಳು ಹಿಡಿಯಿತು. ಚೀಲ ಮನೆಯ ಮೊಳೆಯಲ್ಲೇ ನೇತಾಡುತ್ತಿದ್ದು, ನಾವು ಅಂಗಡಿಯ ಮುಂದೆ ನಿಂತಿರುತ್ತಿದ್ದ ದಿನಗಳೇ ಮೊದಮೊದಲು ಹೆಚ್ಚು.

ಮೀನಿನ ವಿಷಯ ಸುಲಭವಾಗಿ ಬಗೆಹರಿಯಿತು. ನಾನೇ ಹೆದರಿಕೊಂಡಿದ್ದೆ, ಡಬ್ಬಿ ಒಡ್ಡಿದರೆ ಮೀನಿನವರು ಏನು ಹೇಳುತ್ತಾರೋ ಎಂದು. ಬಂಗುಡೆ, ಬೂತಾಯಿಯನ್ನು ನಮ್ಮಲ್ಲಿ ಲೆಕ್ಕದ ಮೇಲೆ ಕೊಡುವುದರಿಂದ ಡಬ್ಬಿಯ ತೂಕದ ತಕರಾರೇ ಹುಟ್ಟುವುದಿಲ್ಲ. ಅಂಜಲ್‌ನಂತಹ ದೊಡ್ಡ ಮೀನಾದರೆ ತಕ್ಕಡಿಯಲ್ಲಿ ತೂಗಿ, ಕತ್ತರಿಸಿ, ಆಮೇಲೆ ಡಬ್ಬಿಗೆ ಹಾಕಿದರಾಯಿತು. ಮೀನು ಮಾರುವ ಅಕ್ಕ ಮೊದಲ ದಿನ ಡಬ್ಬಿಯನ್ನು ತಿರುಗಿಸಿ ನೋಡಿ, "ಹೀಗೆ ಎಲ್ಲರೂ ತಂದರೆ ನನಗೆ ತೊಟ್ಟೆಯ ದುಡ್ಡು ಉಳಿಯುತ್ತದೆ ಅಕ್ಕಾ" ಎಂದರು. ತೊಟ್ಟೆ ಪುಕ್ಕಟೆಯೆಂದು ನಾವು ಅಂದುಕೊಂಡಿರುತ್ತೇವೆ. ಅದನ್ನು ಕೊಂಡು ತರುವುದು ಅವರ ದಿನದ ಸಂಪಾದನೆಯಿಂದ. ಮನೆಗೆ ಬಂದ ಮೇಲೆ ನಾರುವ ತೊಟ್ಟೆಯನ್ನು ಎಲ್ಲಿಡುವುದೆಂಬ ಚಿಂತೆಯೂ ಹೋಯಿತು. ಡಬ್ಬಿಯನ್ನು ಹುಣಸೆಹುಳಿ ಹಾಕಿ ತಿಕ್ಕಿದರೆ ವಾಸನೆ ಉಳಿಯುವುದಿಲ್ಲ.

ಹೋಟೆಲಿನ ಪಾರ್ಸೆಲ್ ಬಗ್ಗೆ ನನಗೆ ಆರೋಗ್ಯದ ಭಯವಿತ್ತು. ಕುದಿಯುವ ಸಾಂಬಾರನ್ನು ತೆಳು ತೊಟ್ಟೆಗೆ ಸುರಿದು ದಾರದಿಂದ ಬಿಗಿಯುವುದನ್ನು ನೋಡಿದಾಗೆಲ್ಲ ಹೊಟ್ಟೆ ತೊಳಸುತ್ತದೆ. ಕಾಗದದ ಲೋಟವೂ ಪರಿಹಾರವಲ್ಲ. ಅದರ ಒಳಮೈಗೆ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನ ತೆಳು ಪದರ ಇರುತ್ತದೆ. ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ದ್ರವ ಹದಿನೈದು ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರುತ್ತವೆಂದು ಐಐಟಿ ಖರಗ್‌ಪುರದ ಸಂಶೋಧಕರು ತೋರಿಸಿದ್ದಾರೆ. ನಮ್ಮ ಮನೆಯ ಮೂರು ತಟ್ಟಿನ ಹಳೆಯ ಕ್ಯಾರಿಯರ್ ಅಟ್ಟದಿಂದ ಇಳಿಯಿತು. ಪಾರ್ಸೆಲ್ ತರುವ ದಿನ ಮೊದಲೇ ಗೊತ್ತಿದ್ದರೆ ಕ್ಯಾರಿಯರ್ ಜೊತೆಗೆ ಹೋಗುತ್ತದೆ. ಗೊತ್ತಿಲ್ಲದಿದ್ದರೆ ಅಲ್ಲೇ ಕೂತು ತಿಂದು ಬರುತ್ತೇವೆ.

ಹಾಲಿನಲ್ಲಿ ನಾವು ಗೆದ್ದದ್ದು ಅರ್ಧ ಮಾತ್ರ. ಎರಡು ಅರ್ಧ ಲೀಟರಿನ ಬದಲು ಒಂದು ಲೀಟರಿನ ತೊಟ್ಟೆ ತರಿಸತೊಡಗಿದೆವು. ಒಂದೇ ಆಕಾರದ ಎರಡು ಚಿಕ್ಕ ಚೀಲಗಳಿಗಿಂತ ಅಷ್ಟೇ ಹಿಡಿಸುವ ಒಂದು ದೊಡ್ಡ ಚೀಲಕ್ಕೆ ಸುಮಾರು ಐದನೇ ಒಂದು ಪಾಲು ಕಡಿಮೆ ಹಾಳೆ ಸಾಕು. ಇದು ಬರಿಯ ರೇಖಾಗಣಿತ. ಒಂಬತ್ತನೆಯ ತರಗತಿಯವರಿಗೆ ಲೆಕ್ಕವಾಗಿ ಕೊಟ್ಟೆ, ಮಕ್ಕಳು ಮಾಡಿ ತೋರಿಸಿದರು. ಮೊಸರನ್ನು ಮನೆಯಲ್ಲೇ ಹೆಪ್ಪು ಹಾಕುತ್ತೇವೆ. ಅದಕ್ಕೆಂದು ದಿನ ಬಿಟ್ಟು ದಿನ ಅರ್ಧ ಲೀಟರ್ ಹೆಚ್ಚು. ತೊಟ್ಟೆಯ ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬಾರದೆಂದೂ ಕಲಿತೆವು. ಆ ತ್ರಿಕೋನದ ಚೂರು ಸಿಂಕಿನಿಂದ ಚರಂಡಿಗೆ, ಚರಂಡಿಯಿಂದ ನೇತ್ರಾವತಿಗೋ ಫಲ್ಗುಣಿಗೋ, ಅಲ್ಲಿಂದ ಅಳಿವೆಯ ಮೂಲಕ ಕಡಲಿಗೆ ಹೋಗುತ್ತದೆ. ಚೂರು ಅಂಟಿಕೊಂಡೇ ಇರುವಂತೆ ಸೀಳಿ, ತೊಟ್ಟೆಯನ್ನು ತೊಳೆದು ಒಣಗಿಸಿದರೆ ಗುಜರಿಯವರು ಸಂತೋಷದಿಂದ ಒಯ್ಯುತ್ತಾರೆ. ಚಿಪ್ಸಿನ ಪೊಟ್ಟಣವನ್ನು ಅವರು ಮುಟ್ಟುವುದಿಲ್ಲ. ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿರುವುದರಿಂದ ಅದನ್ನು ಬಿಡಿಸಿ ಮರುಬಳಕೆ ಮಾಡಲು ಯಾರಿಗೂ ಗಿಟ್ಟುವುದಿಲ್ಲ.

ಉಳಿದವು ಚಿಕ್ಕಪುಟ್ಟವು. ಕೊಬ್ಬರಿಯನ್ನು ಮಿಲ್ಲಿಗೆ ಒಯ್ದು ಎಣ್ಣೆಯನ್ನು ಸ್ಟೀಲಿನ ಕ್ಯಾನಿನಲ್ಲಿ ತರುತ್ತೇವೆ. ಪಾತ್ರೆಗೆ ತೆಂಗಿನ ನಾರು. ಶ್ಯಾಂಪೂವಿನ ಸಣ್ಣ ಸ್ಯಾಶೆಗಳು ನಿಂತು ದೊಡ್ಡ ಬಾಟಲಿ ಬಂತು, ಭಾನುವಾರ ತಲೆಗೆ ದಾಸವಾಳದ ಸೊಪ್ಪಿನ ಗೊಂಪು. ಹಸಿಕಸದ ಬುಟ್ಟಿಯೊಳಗೆ ಕಪ್ಪು ತೊಟ್ಟೆ ಹಾಸುವುದನ್ನು ಬಿಟ್ಟು, ದಿನವೂ ತೆಂಗಿನ ಬುಡದ ಗುಂಡಿಗೆ ಸುರಿದು ಬುಟ್ಟಿ ತೊಳೆಯುತ್ತೇವೆ.

ಮಳೆಗಾಲ

ಡಿಸೆಂಬರಿನಿಂದ ಮೇ ತನಕ ಎಲ್ಲವೂ ಸಲೀಸಾಗಿ ಸಾಗಿತು. ಜೂನ್ ಬಂದದ್ದೇ ತಡ, ಒಂದೊಂದಾಗಿ ಕಳಚಿತು. ಪ್ಲಾಸ್ಟಿಕ್ ಬಿಡುವ ಬಗ್ಗೆ ಬರುವ ಸಲಹೆಗಳಲ್ಲಿ ಹೆಚ್ಚಿನವು ಒಣ ಊರಿನವರು ಬರೆದವು ಎಂದು ನನಗೆ ಆಗ ಅನಿಸಿತು. ನಮ್ಮ ಊರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಬಟ್ಟೆ ಚೀಲ ನೆನೆದರೆ ಮೂರು ದಿನ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಕಾಗದದಲ್ಲಿ ಕಟ್ಟಿದ ಸಕ್ಕರೆ ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಕರಗಲು ಶುರು. ಅವಲಕ್ಕಿ ಮೆತ್ತಗಾಗುತ್ತದೆ. ಮಗಳು ಆಸೆಯಿಂದ ತಂದಿದ್ದ ಬಿದಿರಿನ ಹಲ್ಲುಜ್ಜುವ ಬ್ರಷ್ ಜುಲೈಯಲ್ಲಿ ಕಪ್ಪಾಗಿ ಹೋಯಿತು. ಅದರ ಕೂದಲು ಹೇಗೂ ನೈಲಾನೇ. ನಾವು ಮತ್ತೆ ಹಳೆಯ ಬ್ರಷ್ಷಿಗೆ ಮರಳಿದೆವು. ಕರಾವಳಿಯ ಅಂಗಡಿಯವರು ಎಲ್ಲವನ್ನೂ ಪ್ಲಾಸ್ಟಿಕ್ಕಿನಲ್ಲಿ ಕಟ್ಟುವುದು ಸೋಮಾರಿತನದಿಂದಲ್ಲ. ಈ ತೇವ ಅವರಿಗೆ ನಷ್ಟ ಮಾಡುತ್ತದೆ.

ಜೂನ್ ತಿಂಗಳಲ್ಲಿ ನಮ್ಮ ಜಗಲಿಯ ಹಗ್ಗ ಮತ್ತೆ ತುಂಬಿತು. ನನಗೆ ತುಂಬಾ ಬೇಸರವಾಯಿತು.

ದಾರಿ ತೋರಿಸಿದ್ದು ಮನೆಯ ಅಟ್ಟದಲ್ಲಿದ್ದ ಮುರಿದ ಕೊಡೆಗಳು. ಮಂಗಳೂರಿನ ಪ್ರತಿ ಮನೆಯಲ್ಲೂ ಅಂಥವು ನಾಲ್ಕಾರು ಇರುತ್ತವೆ. ಕಡ್ಡಿಗಳನ್ನು ಬಿಚ್ಚಿ, ಬಟ್ಟೆಯನ್ನು ಬಿಕರ್ನಕಟ್ಟೆಯ ದರ್ಜಿಯವರಿಗೆ ಕೊಟ್ಟೆ. ಅವರು ಒಂದೊಂದು ಕೊಡೆಯಿಂದ ಒಂದೊಂದು ಚೀಲ ಹೊಲಿದು ಕೊಟ್ಟರು. ನೀರು ಜಾರಿ ಹೋಗುತ್ತದೆ, ಕೊಡವಿದರೆ ಒಣಗುತ್ತದೆ, ಮಡಿಚಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಕೊಡೆಯ ಬಟ್ಟೆಯೂ ನೈಲಾನ್ ಅಥವಾ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್ಕೇ. ಆದರೆ ಅದು ಆಗಲೇ ನಮ್ಮ ಮನೆಯಲ್ಲಿತ್ತು, ಕಸಕ್ಕೆ ಹೋಗಲಿದ್ದದ್ದು ಕೆಲಸಕ್ಕೆ ಬಂತು. ಅತ್ತೆಯ ಕೊಡಕ್ಕೆ ಹೇಳಿದ ಮಾತು ಇದಕ್ಕೂ ಸಲ್ಲುತ್ತದೆ.

ದಿನಸಿಗೆ ಹಳೆಯ ಕ್ರಮವೇ ಸರಿಹೊಂದಿತು. ಮರುವರ್ಷ ಮೇ ತಿಂಗಳಲ್ಲೇ ಕುಚ್ಚಲಕ್ಕಿ, ಬೇಳೆ, ಮೆಣಸು, ಬೆಲ್ಲವನ್ನು ಮಳೆಗಾಲಕ್ಕಾಗುವಷ್ಟು ಬಿಡಿಯಾಗಿ ತಂದು, ಬಿಸಿಲಿಗೆ ಹಾಕಬೇಕಾದದ್ದನ್ನು ಹಾಕಿ, ಬಿಗಿ ಮುಚ್ಚಳದ ತಗಡಿನ ಡಬ್ಬಗಳಲ್ಲೂ ಭರಣಿಗಳಲ್ಲೂ ತುಂಬಿದೆವು. ಜೂನ್ ಒಂದರಿಂದ ಜುಲೈ ಕೊನೆಯ ತನಕ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವಾಗ ಬೇಕಾಗುವ ಒಣಮೀನು ಗಾಜಿನ ಜಾಡಿಗೆ ಹೋಯಿತು. ಬಚ್ಚಲ ಒಲೆಯ ಜವಾಬ್ದಾರಿಯನ್ನು ಅತ್ತೆ ತಾವೇ ಹೊತ್ತರು. "ಏಪ್ರಿಲಿನಲ್ಲೇ ಗೆರಟೆ, ತೆಂಗಿನ ಸಿಪ್ಪೆ ಮಾಡಿನಡಿಗೆ ಹಾಕಿಟ್ಟಿದ್ದರೆ ಅವತ್ತು ತೊಟ್ಟೆ ಯಾಕೆ ಬೇಕಿತ್ತು?" ಎಂದರು. ಹಾಕಿಟ್ಟರು. ಆಮೇಲೆ ನಮ್ಮ ಒಲೆಗೆ ಒಂದು ತೊಟ್ಟೆಯೂ ಬಿದ್ದಿಲ್ಲ.

ಎರಡನೆಯ ಎಣಿಕೆ

ಹೋಲಿಕೆ ನ್ಯಾಯವಾಗಿರಲೆಂದು ಎರಡು ವರ್ಷದ ನಂತರ ಅದೇ ಅಕ್ಟೋಬರ್–ನವೆಂಬರ್ ಮೂವತ್ತು ದಿನಗಳಲ್ಲಿ ಮತ್ತೆ ಎಣಿಸಿದೆವು. 386 ಇದ್ದದ್ದು 158 ಆಗಿತ್ತು. ಅಂಗಡಿಯ ತೊಟ್ಟೆ 71ರಿಂದ 9ಕ್ಕೆ, ಮೀನಿನದ್ದು 32ರಿಂದ 2ಕ್ಕೆ, ಹೋಟೆಲಿನದ್ದು 28ರಿಂದ 6ಕ್ಕೆ, ಹಾಲು-ಮೊಸರಿನದ್ದು 90ರಿಂದ 45ಕ್ಕೆ ಇಳಿದಿತ್ತು.

ಮಕ್ಕಳ ತಿಂಡಿಯ ಹೊದಿಕೆಗಳು 84ರಿಂದ 51ಕ್ಕೆ ಮಾತ್ರ. ಬಾಳೆಕಾಯಿ ಚಿಪ್ಸ್, ಚಕ್ಕುಲಿಯನ್ನು ಹುರಿಯುವ ಅಂಗಡಿಯಿಂದ ಡಬ್ಬಿಯಲ್ಲಿ ತೂಗಿಸಿ ತಂದದ್ದರಿಂದ ಅಷ್ಟು ಕಡಿಮೆಯಾಯಿತು. ಸಂಪೂರ್ಣ ಬೇಡವೆಂದು ಮಕ್ಕಳಿಗೆ ಕಟ್ಟಪ್ಪಣೆ ಮಾಡಲು ನನಗೆ ಮನಸ್ಸಿಲ್ಲ. ಗೆಳೆಯರ ನಡುವೆ ಕೂತಾಗ ಅವರಿಗೆ ಮುಜುಗರವಾಗಬಾರದು. ಮಾತ್ರೆಯ ಪಟ್ಟಿಗಳು, ಮುಟ್ಟಿನ ದಿನಗಳ ಪ್ಯಾಡುಗಳು ಎಣಿಕೆಗೇ ಬರಲಿಲ್ಲ. ಮೊದಲನೆಯದರಲ್ಲಿ ಆಯ್ಕೆಯಿಲ್ಲ, ಎರಡನೆಯದು ಮಗಳು ತಾನೇ ನಿರ್ಧರಿಸಬೇಕಾದದ್ದು.

ಕಾನೂನಿನ ಮಾತೂ ಒಂದು ಇದೆ. ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳಿಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧವಿದೆ. ಆದರೂ ನಮ್ಮ ಮೊದಲ ಎಣಿಕೆಯಲ್ಲಿ ತೆಳು ತೊಟ್ಟೆಗಳು ಅಷ್ಟೊಂದು ಇದ್ದವು. ಅಂಗಡಿಯವರನ್ನು ಕೇಳಿದಾಗ ಎಲ್ಲರದ್ದೂ ಒಂದೇ ಉತ್ತರ: ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ. ಆ ಗಿರಾಕಿ ನಾನೇ ಆಗಿದ್ದೆ ಎನ್ನುವುದನ್ನು ಮೂರನೆಯ ಕಲಮು ಬರೆದಿಟ್ಟಿತ್ತು.

ತಿಂಡಿಯ ಹೊದಿಕೆಗಳನ್ನು ಬಿಟ್ಟರೆ ಇನ್ನು ಉಳಿದದ್ದರಲ್ಲಿ ದೊಡ್ಡದು ಹಾಲು. ನೀರುಮಾರ್ಗ ಎಂಬ ಊರಿನ ಕಡೆಯ ಒಬ್ಬ ಹೈನುಗಾರರು, ಮಳೆ ಬಿಟ್ಟ ಮೇಲೆ ಕ್ಯಾನಿನಲ್ಲಿ ತಂದು ಮನೆಮನೆಯ ಪಾತ್ರೆಗೆ ಅಳೆದು ಕೊಡಲು ಒಪ್ಪಿದ್ದಾರೆ. ದಿನಕ್ಕೆ ಎಂಟು ಲೀಟರ್ ಆದರೂ ಹೋದರೆ ಮಾತ್ರ ಪೆಟ್ರೋಲಿನ ಖರ್ಚು ಹೊರಡುತ್ತದೆ ಎಂದರು. ನಮ್ಮ ರಸ್ತೆಯಲ್ಲಿ ಈವರೆಗೆ ಐದು ಮನೆಯವರು ಸೇರಿದ್ದೇವೆ, ಆರೂವರೆ ಲೀಟರ್ ಆಗಿದೆ. ಮೂಲೆಮನೆಯ ಬಾಯಮ್ಮ ಮಗನನ್ನು ಕೇಳಿ ಭಾನುವಾರ ಹೇಳುತ್ತೇನೆ ಎಂದಿದ್ದಾರೆ.